ಮಂಡಿಯಲ್ಲಿ ಅಕ್ಕಿ ತುಂಬಿದೆ

ನಮ್ಮ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ, ಒಡೆಯುವುದಿಲ್ಲ, ಆರುವುದಿಲ್ಲ. ಬಳೆ ಒಡೆದರೆ ಅದು ಹೆಚ್ಚಿತು. ದೀಪ ಆರಿದರೆ ಶಾಂತವಾಯಿತು. ಬಾಗಿಲನ್ನು ಮುಚ್ಚುವ ಹಾಗಿಲ್ಲ, ಮುಂದೆ ಮಾಡಬೇಕು. ಹೊರಡುವವರು ಅಪ್ಪಿತಪ್ಪಿ "ಹೋಗ್ತೀನಿ" ಅಂದರೆ ಅಡುಗೆಮನೆಯಿಂದಲೇ ಬೈಗುಳ ಬರುತ್ತದೆ, "ಬರ್ತೀನಿ" ಅನ್ನಬೇಕು. ಇನ್ನು ಅಕ್ಕಿ, ಬೇಳೆ, ಉಪ್ಪು, ಅರಿಶಿನ ಇವೆಲ್ಲ ಮುಗಿದವು ಎಂದು ಹೇಳುವ ಮಾತೇ ಇಲ್ಲ. ಅವು ತುಂಬುತ್ತವೆ. "ಉಪ್ಪು ತುಂಬಿದೆ" ಎಂದರೆ ಭರಣಿಯಲ್ಲಿ ಒಂದು ಹರಳೂ ಉಳಿದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡು ಎಂದರ್ಥ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಈ ಒಂದೇ ಒಂದು ಪದದಿಂದ ನಮ್ಮ ದೊಡ್ಡಪ್ಪ ಅಕ್ಕಿ ಬಚ್ಚಿಟ್ಟ ಕಳ್ಳ ಅನ್ನಿಸಿಕೊಳ್ಳುವುದರಲ್ಲಿದ್ದರು.

ದೊಡ್ಡಪ್ಪನದು ತರಗುಪೇಟೆಯಲ್ಲಿ ಅಕ್ಕಿ ಮಂಡಿ. ತಾತನ ಕಾಲದ್ದು. ನಮ್ಮಪ್ಪ ಚೀಲಗಳ ಸಹವಾಸವೇ ಬೇಡವೆಂದು ಬ್ಯಾಂಕು ಸೇರಿ ಬಚಾವಾದರು, ದೊಡ್ಡಪ್ಪ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತವರು ಎಪ್ಪತ್ತು ದಾಟಿದರೂ ಎದ್ದಿಲ್ಲ. ಬೆಳಿಗ್ಗೆ ಚಾಮರಾಜಪೇಟೆಯ ಮನೆಯಲ್ಲಿ ಲಿಂಗಪೂಜೆ, ಹಣೆಗೆ ವಿಭೂತಿ, ಬಿಳಿ ಅಂಗಿ, ಬಿಳಿ ಪಂಚೆ, ನಡೆದುಕೊಂಡೇ ಮಂಡಿಗೆ. ಅವರಿಗೂ ದೊಡ್ಡಮ್ಮನಿಗೂ ಮಕ್ಕಳಿಲ್ಲ. ಹಾಗಾಗಿ ಅವರಿಬ್ಬರಿಂದ ಬೈಸಿಕೊಳ್ಳುವ ಹಕ್ಕು ಪೂರ್ತಿ ನನಗೇ ಬಂದಿದೆ, ನಾನು ಅದನ್ನು ಯಾರ ಜೊತೆಗೂ ಹಂಚಿಕೊಂಡಿಲ್ಲ.

ನನ್ನ ಕೆಲಸವೂ ಅಕ್ಕಿಯದೇ, ಆದರೆ ನಾನು ಅಕ್ಕಿಯನ್ನು ಮುಟ್ಟುವುದಿಲ್ಲ. ಇಲ್ಲಿಂದ ಹೊರದೇಶಕ್ಕೆ ಹೋಗುವ ಅಕ್ಕಿ, ರಾಗಿ ಹಿಟ್ಟು, ಬೆಲ್ಲ, ಹುರಿಗಡಲೆ ಇವಕ್ಕೆಲ್ಲ ಬೇಕಾದ ಕಾಗದಪತ್ರ ಮಾಡಿಕೊಡುತ್ತೇನೆ. ಬಸವನಗುಡಿಯ ಮನೆಯ ಮುಂದಿನ ಕೋಣೆಯೇ ಆಫೀಸು. ಯಾವ ಧಾನ್ಯಕ್ಕೆ ಯಾವ ಕೋಡ್ ನಂಬರು, ಯಾವ ದೇಶ ಎಂಥ ಹುಳಕ್ಕೆ ಹೆದರುತ್ತದೆ, ಯಾವುದಕ್ಕೆ ಸುಂಕ ಬಿತ್ತು, ಯಾವುದಕ್ಕೆ ಎದ್ದಿತು ಎಂದು ನೋಡುತ್ತಾ ಕೂರುವುದು. ಮನುಷ್ಯರು ದೇಶ ಬಿಡಲು ಒಂದು ಪಾಸ್‌ಪೋರ್ಟು ಸಾಕು. ಅಕ್ಕಿಗೆ ಅದು ಹುಟ್ಟಿದ ಊರು, ತೂಕ, ಆರೋಗ್ಯ, ಹೊಗೆ ಹಾಕಿಸಿಕೊಂಡ ಪ್ರಮಾಣಪತ್ರ, ಎಲ್ಲ ಬೇಕು. ದೊಡ್ಡಪ್ಪನಿಗೆ ಇದೆಲ್ಲ ಬಹಳ ತಮಾಷೆ. "ನಮ್ ಮದುವೆಗೂ ಇಷ್ಟು ಕಾಗದ ನೋಡಿರ್ಲಿಲ್ಲ ಕಣೇ" ಅನ್ನುತ್ತಿದ್ದರು.

ಅವರನ್ನು ಈ ರಫ್ತಿನ ದಾರಿಗೆ ಎಳೆದವಳು ನಾನೇ. ಗಲ್ಫಿನಲ್ಲಿ ಕಿರಾಣಿ ಅಂಗಡಿಗಳನ್ನಿಟ್ಟುಕೊಂಡಿದ್ದ ಉಡುಪಿ ಕಡೆಯವರೊಬ್ಬರು ನನಗೆ ಪರಿಚಯ. ಅಲ್ಲಿನ ಬೆಂಗಳೂರಿನವರಿಗೆ ಹಳೇ ಸೋನಾ ಮಸೂರಿಯೇ ಬೇಕಂತೆ, ಕಳಿಸಿಕೊಡ್ತೀರಾ ಎಂದು ಕೇಳಿದರು. ದೊಡ್ಡಪ್ಪ ಮೊದಲು ಮೂಗು ಮುರಿದರು. ಆಮೇಲೆ ತಮ್ಮ ಅಕ್ಕಿ ಸಮುದ್ರ ದಾಟುತ್ತದೆ ಎನ್ನುವುದು ಅವರಿಗೆ ಒಳಗೊಳಗೇ ಹಿಡಿಸಿತು. ಎರಡು ಮೂರು ಸಲ ಕಂಟೇನರು ಹೋಯಿತು. ಮಂಡಿಗೆ ಬಂದವರಿಗೆಲ್ಲ ಕೇಳದಿದ್ದರೂ "ನಮ್ದು ದುಬೈಗೂ ಹೋಗತ್ತೆ" ಎಂದು ಹೇಳುವುದು ಶುರುವಾಯಿತು. ಕಾಫಿ ತಂದವನಿಗೂ ಹೇಳಿದರು.

ಮುಂದಿನ ಕಂಟೇನರಿಗೆಂದು ಬಿನ್ನಿಪೇಟೆಯ ಗೋಡೌನಿನಲ್ಲಿ ಅಕ್ಕಿ ಪೇರಿಸಿ ಇಟ್ಟಿದ್ದರು. ಆ ವೇಳೆಗೇ ಚೆನ್ನೈ ಬಂದರಿಗೆ ಹೋಗಬೇಕಿತ್ತು. ಆದರೆ ಚೀಲದ ಮೇಲೆ ಅಚ್ಚಾದ ನಂದಿಯ ಮುಖ ಮಂಕಾಗಿದೆ, ಹಸುವೋ ನಂದಿಯೋ ಗೊತ್ತಾಗಲ್ಲ, ಬೇರೆ ಚೀಲ ಬರಲಿ ಎಂದು ದೊಡ್ಡಪ್ಪ ಹಟ ಹಿಡಿದರು. ಹೊಸ ಚೀಲ ಬರುವುದರೊಳಗೆ ದಿಲ್ಲಿಯಿಂದ ಅಧಿಸೂಚನೆ ಬಂತು. ಅಷ್ಟು ದಿನ "ಮುಕ್ತ" ಎಂದಿದ್ದ ಜಾಗದಲ್ಲಿ "ನಿಷೇಧಿತ" ಎಂದು ಬರೆದಿತ್ತು. ದೇಶದೊಳಗೆ ಅಕ್ಕಿಯ ಬೆಲೆ ಏರುತ್ತಿದೆ, ಇಲ್ಲಿಯವರಿಗೆ ಮೊದಲು ಸಿಗಲಿ ಎನ್ನುವುದು ಕಾರಣ. ಹಡಗಿಗೆ ಹತ್ತಲು ಶುರುವಾಗಿದ್ದ, ಕಸ್ಟಮ್ಸಿನವರ ಕೈಗೆ ಆಗಲೇ ಒಪ್ಪಿಸಿದ್ದ ಮಾಲು ಹೋಗಬಹುದಿತ್ತು. ಬಿನ್ನಿಪೇಟೆಯಲ್ಲಿ ನಂದಿಯ ಮುಖಕ್ಕಾಗಿ ಕಾಯುತ್ತಿದ್ದ ಮಾಲು ಹೋಗುವ ಹಾಗಿರಲಿಲ್ಲ.

ನಾನು ಮಂಡಿಗೆ ಹೋಗಿ ಫೋನಿನಲ್ಲಿ ಅಧಿಸೂಚನೆ ಓದಿ ಹೇಳಿದೆ. "ಬಾಸುಮತಿ ಅಲ್ಲದ ಬಿಳಿ ಅಕ್ಕಿ" ರಫ್ತು ಮಾಡುವಂತಿಲ್ಲ.

ದೊಡ್ಡಪ್ಪನಿಗೆ ನಿಷೇಧಕ್ಕಿಂತ ಆ ಹೆಸರು ಚುಚ್ಚಿತು. "ಬಾಸುಮತಿ ಅಲ್ಲದ್ದು ಅಂದ್ರೇನೇ? ನಮ್ ಅಕ್ಕಿಗೆ ಸ್ವಂತ ಹೆಸರಿಲ್ವಾ? ನಿನ್ನ ಯಾರಾದ್ರೂ ಕೇಳಿದ್ರೆ ಪಕ್ಕದ ಮನೆ ಹುಡುಗಿ ಅಲ್ಲದವಳು ಅಂತ ಹೇಳ್ತೀನಾ ನಾನು?"

"ಕಾನೂನಿಗೆ ಹಾಗೇ ದೊಡ್ಡಪ್ಪ. ಸೋನಾ, ರಾಜಮುಡಿ ಎಲ್ಲ ಅವರಿಗೆ ಒಂದೇ."

"ರಾಜಮುಡಿನೂ ಸೋನಾನೂ ಒಂದೇನಾ!" ಅವರು ಎದ್ದೇಬಿಟ್ಟರು. "ಬರೆದವನು ಅನ್ನ ತಿಂತಾನಾ, ಚಪಾತಿ ತಿಂತಾನಾ ಕೇಳು ಮೊದ್ಲು."

ಎದುರಿಗೆ ಅಧಿಸೂಚನೆ ಬರೆದವರು ಯಾರೂ ಇಲ್ಲದ್ದರಿಂದ ಆ ದಿನದ ಬೈಗುಳವನ್ನೆಲ್ಲ ನಾನೇ ಸ್ವೀಕರಿಸಿದೆ. ಕೆಲಸದಲ್ಲಿ ಇದು ನನಗೆ ರೂಢಿ. ದಿಲ್ಲಿಯಲ್ಲಿ ಒಂದು ಸಾಲು ಬದಲಾದರೆ ಇಲ್ಲಿ ಹತ್ತು ಜನ ನನಗೆ ಫೋನು ಮಾಡಿ, ಆ ಸಾಲನ್ನು ನಾನೇ ಬರೆದೆನೇನೋ ಎಂಬಂತೆ ಜಗಳ ತೆಗೆಯುತ್ತಾರೆ.

ಆ ನಿಷೇಧ ಈಗಿಲ್ಲ, ತೆಗೆದು ಕಾಲವಾಯಿತು. ಆದರೆ ಇದ್ದಷ್ಟು ದಿನ ಪೇಟೆಯಲ್ಲಿ ಎಂಥೆಂಥ ಬುದ್ಧಿವಂತರು ಹುಟ್ಟಿಕೊಂಡರು! ಕುಚ್ಚಲಕ್ಕಿಗೆ ನಿಷೇಧವಿರಲಿಲ್ಲ, ಸುಂಕ ಕಟ್ಟಿ ಕಳಿಸಬಹುದಿತ್ತು. ಒಬ್ಬ ಬ್ರೋಕರ್ ಬಂದು ಬಿಳಿ ಬೆಳ್ತಿಗೆ ಅಕ್ಕಿಯನ್ನೇ ಕುಚ್ಚಲಕ್ಕಿ ಎಂದು ಕಾಗದದಲ್ಲಿ ಬರೆಸಿಬಿಡಿ ಸಾರ್, ನಿಮ್ಮ ಹುಡುಗಿಯೇ ಕಾಗದ ಮಾಡುವವಳು ಎಂದು ನನ್ನೆದುರೇ ಹೇಳಿದ. ದೊಡ್ಡಪ್ಪ ಅವನಿಗೆ ಕಾಫಿ ಕುಡಿಸಿದರು. ಕುಡಿದು ಮುಗಿಸುವ ತನಕ ಕಾದು, "ನೀನು ಇನ್ನು ಈ ಮೆಟ್ಲು ಹತ್ಬೇಡ" ಎಂದರು. ಬೈಯುವುದಕ್ಕೂ ಮುಂಚೆ ಕಾಫಿ ಕುಡಿಸುವುದು ನಮ್ಮ ಮಂಡಿಯ ಪದ್ಧತಿ.

ಉಳಿದ ದಾರಿ ಒಂದೇ, ಅಕ್ಕಿಯನ್ನು ಇಟ್ಟುಕೊಂಡು ಕಾಯುವುದು. ಬೆಲೆ ಹೇಗೂ ಏರುತ್ತಿತ್ತು. ಅಕ್ಕಪಕ್ಕದ ಮಂಡಿಯವರು ಹಾಗೇ ಮಾಡಿದರು. ದೊಡ್ಡಪ್ಪ ಮಾಡಲಿಲ್ಲ. ಗಲ್ಫಿಗೆಂದು ಇಟ್ಟಿದ್ದ ಹಳೇ ಅಕ್ಕಿಯನ್ನು ತಮ್ಮ ಖಾಯಂ ಗಿರಾಕಿಗಳಿಗೇ ಕೊಡುತ್ತಾ ಹೋದರು. ಬಸವನಗುಡಿಯ ಎರಡು ಮೆಸ್ಸು, ಮಲ್ಲೇಶ್ವರದ ಒಂದು ಹಾಸ್ಟೆಲ್ಲು, ನಗರ್ತಪೇಟೆಯ ಸಣ್ಣ ಸಣ್ಣ ಅಂಗಡಿಗಳು. ಅದೂ ಹಿಂದಿನ ದರಕ್ಕೇ. "ಅವರು ತಿಂಗಳ ಲೆಕ್ಕದಲ್ಲಿ ಊಟ ಹಾಕೋರು, ಇದ್ದಕ್ಕಿದ್ದ ಹಾಗೆ ಅವರೇನ್ ಮಾಡ್ತಾರೆ" ಎನ್ನುವುದು ಅವರ ವಾದ. ಗೋಡೌನು ಇಳಿಯುತ್ತಾ ಬಂತು. ಮತ್ತೆ ತುಂಬಿಸಲು ಮಿಲ್ಲಿನವರು ಹೇಳುವ ದರ ಕೇಳಿದರೆ ಇವರಿಗೆ ಕೋಪ. ದರ ಇಳಿಯಲಿ ಎಂದರು. ಅದು ಇಳಿಯಲಿಲ್ಲ. ಕೊನೆಗೆ ಗೋಡೌನು ಬರಿದಾಗಬಾರದು ಎಂಬ ಶಾಸ್ತ್ರಕ್ಕೆ ಒಂದೇ ಒಂದು ಚೀಲ ಮೂಲೆಯಲ್ಲಿ ಉಳಿಯಿತು. ಮಂಡಿಯಲ್ಲಿ ಇನ್ನೂ ಒಂದಷ್ಟು ರಾಗಿ, ಜೋಳ ಇದ್ದುದರಿಂದ ಬಾಗಿಲು ತೆಗೆದೇ ಇತ್ತು.

ನಾನು ಕೇಳಿದಾಗೆಲ್ಲ "ಅಕ್ಕಿ ತುಂಬಿದೆ ಕಣೇ, ಹೊಸ ಬೆಳೆ ಬರ್ಲಿ" ಅನ್ನುತ್ತಿದ್ದರು, ಹವಾಮಾನದ ವಿಷಯ ಹೇಳುವವರ ಹಾಗೆ. ದೊಡ್ಡಮ್ಮನಿಗೆ ಮಾತ್ರ ಹೇಳಬೇಡ ಎಂದಿದ್ದರು. ಅಕ್ಕಿ ಮಂಡಿಯವನ ಹೆಂಡತಿಯಾಗಿ ಆ ಮನೆಗೆ ಬಂದವಳು, ಅವಳ ಮನಸ್ಸಿಗೆ ಯಾಕೆ ಕಿರಿಕಿರಿ ಎಂದು.

ಇಷ್ಟರಲ್ಲಿ ಇನ್ನೊಂದು ನಿಯಮ ಬಂತು. ವ್ಯಾಪಾರಿಗಳು, ಮಿಲ್ಲಿನವರು, ದೊಡ್ಡ ಅಂಗಡಿಯವರು ಎಲ್ಲರೂ ತಮ್ಮಲ್ಲಿ ಎಷ್ಟು ಅಕ್ಕಿ, ಭತ್ತ ಇದೆ ಎಂದು ಸರ್ಕಾರದ ಪೋರ್ಟಲ್ಲಿನಲ್ಲಿ ವಾರವಾರವೂ ತೋರಿಸಬೇಕು. ಯಾವ ವಾರ ಎಂದು ಕೇಳಿ. ಶುಕ್ರವಾರ.

ಈ ನಿಯಮ ಮಾಡಿದವರಿಗೆ ಶುಕ್ರವಾರ ಎಂದರೆ ಶನಿವಾರದ ಹಿಂದಿನ ದಿನ, ಅಷ್ಟೇ. ಪೇಟೆಯಲ್ಲಿ ಅದು ಲಕ್ಷ್ಮಿಯ ದಿನ. ತಕ್ಕಡಿಗೆ ಹೂವು, ಗಲ್ಲಾ ಪೆಟ್ಟಿಗೆಗೆ ಕುಂಕುಮ, ಹೊಸ್ತಿಲಿಗೆ ರಂಗೋಲಿ. ಆ ದಿನ ಮಂಡಿಯಲ್ಲಿ ಕೂತು ಅಕ್ಕಿ ಇಲ್ಲ ಎಂದು ಬಾಯಿಬಿಟ್ಟು ಹೇಳುವುದೆಂದರೆ ಮನೆಗೆ ಬಂದ ಲಕ್ಷ್ಮಿಯ ಮುಖದ ಮೇಲೆ ಬಾಗಿಲು ಹಾಕಿದಂತೆ. "ಇವರಿಗೆ ಬೇರೆ ದಿನ ಸಿಗ್ಲಿಲ್ವಾ?" ಎಂದು ದೊಡ್ಡಪ್ಪ ಗೊಣಗಿದರು. ಲೆಕ್ಕ ಹಾಕುವವಳು ನಾನಾದ್ದರಿಂದ ತೊಂದರೆ ಇರಲಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಫೋನು ಮಾಡಿ "ದೊಡ್ಡಪ್ಪ, ಹೆಂಗಿದೆ?" ಅನ್ನುವುದು, ಅವರು "ತುಂಬಿದೆ" ಅನ್ನುವುದು, ನಾನು ಪೋರ್ಟಲ್ಲಿನಲ್ಲಿ ಒಂದು ಚೀಲ ಎಂದು ಹಾಕುವುದು. ಎಲ್ಲ ಸರಾಗವಾಗಿ ನಡೆದಿತ್ತು.

ಒಂದು ಶುಕ್ರವಾರ ನನಗಿಂತ ಮೊದಲು ಇಲಾಖೆಯಿಂದ ಮಂಡಿಗೆ ಫೋನು ಬಂತು. ಪೋರ್ಟಲ್ಲಿನಲ್ಲಿ ತೋರಿಸಿದ ಲೆಕ್ಕ ಸರಿಯಿದೆಯೇ ಎಂದು ಅಲ್ಲಲ್ಲಿ ಒಬ್ಬೊಬ್ಬ ವ್ಯಾಪಾರಿಯನ್ನು ಕೇಳಿ ನೋಡುತ್ತಿದ್ದರಂತೆ. ಆ ಕಡೆ ಒಬ್ಬ ಹೆಂಗಸು, ವಿಜಯಪುರದ ಕಡೆಯ ಅಧಿಕಾರಿ. ಈ ಕಡೆ ಆಗಷ್ಟೇ ತಕ್ಕಡಿಗೆ ಮಂಗಳಾರತಿ ಎತ್ತಿ ಕೂತ ನಮ್ಮ ದೊಡ್ಡಪ್ಪ.

"ಅಕ್ಕಿ ಎಷ್ಟ ಅದಾವ್ರೀ ಗೋಡೌನ್‌ದಾಗ?" ಎಂದು ಅವರು ಕೇಳಿದರು.

"ತುಂಬಿದೆ ತಾಯಿ, ಶಿವನ ದಯೆ," ಎಂದರು ದೊಡ್ಡಪ್ಪ.

ಸೋಮವಾರ ಬೆಳಿಗ್ಗೆ ಅಧಿಕಾರಿಯ ಜೀಪು ಬಿನ್ನಿಪೇಟೆಯ ಗೋಡೌನಿನ ಮುಂದೆ ನಿಂತಿತು. ದೊಡ್ಡಪ್ಪ ಫೋನು ಮಾಡಿ "ಯಾರೋ ಮೇಡಮ್ಮು ಬಂದಿದಾರೆ, ನೀನು ಬಂದ್ಬಿಡು" ಎಂದಾಗ ನಾನು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆ. ಹಾಗೇ ಆಟೋ ಹತ್ತಿದೆ. ಹೋಗಿ ನೋಡಿದರೆ ಗೋಡೌನಿನ ಬಾಗಿಲು ತೆಗೆದಿದೆ, ನೆಲ ಗುಡಿಸಿ ಲಕಲಕ ಎನ್ನುತ್ತಿದೆ, ಮೂಲೆಯಲ್ಲಿ ಒಂದು ಚೀಲ, ಅದರ ಮೇಲೆ ಒಂದು ಬೆಕ್ಕು. ಅಧಿಕಾರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನನಗಿಂತ ಚಿಕ್ಕವರು, ಮುಖದಲ್ಲಿ ನಗುವಿಲ್ಲ.

"ಪೋರ್ಟಲ್‌ನಾಗ ಒಂದ್ ಚೀಲ ಅಂತ ಹಾಕೀರಿ. ಶುಕ್ರವಾರ ಕೇಳಿದ್ರ ಮಾಲಕರ ಬಾಯಿಂದನ ತುಂಬೇತಿ ಅಂದ್ರು. ಇವತ್ತ ಬಂದ್ರ ಬೆಕ್ಕು ಕುಂತೈತಿ. ಎರಡು ದಿನದಾಗ ಅಕ್ಕಿ ಎಲ್ಲಿಗೆ ಸಾಗಿಸಿದ್ರಿ?"

ಪರಿಸ್ಥಿತಿಯ ಅಂದವನ್ನು ನೋಡಿ. ಗೋಡೌನಿನಲ್ಲಿ ಅಕ್ಕಿ ಸಿಕ್ಕಿದ್ದರೆ ಸುಳ್ಳು ಲೆಕ್ಕ ಕೊಟ್ಟ ಹಾಗೆ. ಸಿಗದಿದ್ದರೆ ರಾತ್ರೋರಾತ್ರಿ ಬಚ್ಚಿಟ್ಟ ಹಾಗೆ. ಹೇಗೆ ತಿರುಗಿಸಿದರೂ ನಾವೇ ಕಳ್ಳರು. ಸುಳ್ಳು ಘೋಷಣೆ ಎಂದು ಅವರು ಬರೆದುಕೊಂಡರೆ ಮಂಡಿಗೆ ಬೀಗ, ಲೈಸೆನ್ಸಿಗೂ ಕುತ್ತು. ಅದಕ್ಕಿಂತ ಹೆಚ್ಚಾಗಿ, ಇಡೀ ಪೇಟೆ ಅಕ್ಕಿ ಹಿಡಿದಿಟ್ಟುಕೊಂಡ ಕಾಲದಲ್ಲಿ ಹಿಡಿದಿಡದ ಒಬ್ಬನೇ ಮನುಷ್ಯನ ಮೇಲೆ ಅಕ್ಕಿ ಬಚ್ಚಿಟ್ಟವನೆಂಬ ಹೆಸರು ಬರುತ್ತಿತ್ತು.

ಎಲ್ಲರೂ ತರಗುಪೇಟೆಯ ಮಂಡಿಗೆ ಬಂದೆವು. ಅಧಿಕಾರಿಗೆ ಕುರ್ಚಿ ಹಾಕಿದೆವು. ದೊಡ್ಡಪ್ಪ ಕಾಫಿ ತರಿಸಿದಾಗ, ಇದು ಯಾವ ಬಗೆಯ ಕಾಫಿಯೋ ಎಂದು ನನಗೆ ಭಯವಾಯಿತು. ಮೇಡಮ್ ಕಾಫಿ ಮುಟ್ಟಲಿಲ್ಲ.

ನಾನು ಶುರುಮಾಡಿದೆ. "ಮೇಡಮ್, ನಮ್ಮಲ್ಲಿ ತುಂಬಿದೆ ಅಂದ್ರೆ ಇಲ್ಲ ಅಂತ ಅರ್ಥ."

ಹೇಳಿದ ಮೇಲೆ ನನಗೇ ಗೊತ್ತಾಯಿತು, ಇಂಥ ಮಾತನ್ನು ನಾನಾದರೂ ನಂಬುತ್ತಿರಲಿಲ್ಲ.

"ಹಂಗಾದ್ರ ನಿಜವಾಗ್ಲೂ ತುಂಬಿದ್ರ ಏನ್ ಅಂತೀರಿ?"

"ಬೇಕಾದಷ್ಟಿದೆ ಅಂತೀವಿ."

"ನಮ್ಮ ಕಡೆ ತುಂಬೇತಿ ಅಂದ್ರ ತುಂಬೇತಿ. ನಾ ಏನಂತ ರಿಪೋರ್ಟ್ ಬರೀಲಿ? ಮಾಲಕರು ಅಂದದ್ದು ಉಲ್ಟಾ ತಿಳ್ಕೋಬೇಕು ಅಂತ ಬರೀಲೇನು?" ಅವರು ದೊಡ್ಡಪ್ಪನ ಕಡೆ ತಿರುಗಿದರು. ದನಿ ಸ್ವಲ್ಪ ಮೆತ್ತಗಾಗಿತ್ತು. "ಯಜಮಾನ್ರ, ನೀವ ಒಂದ್ ಮಾತು ಸರಳ ಹೇಳ್ರಿ. ಗೋಡೌನ್ ಖಾಲಿ ಇತ್ತು ಅಂತ. ಬರ್ಕೋತೀನಿ, ಮುಗೀತು."

ನಾನು ದೊಡ್ಡಪ್ಪನನ್ನು ನೋಡಿದೆ. ಅವರು ತಕ್ಕಡಿಯನ್ನು ನೋಡಿದರು. ಶುಕ್ರವಾರದ ಹೂವು ಇನ್ನೂ ಅದರ ಮೇಲಿತ್ತು, ಬಾಡಿತ್ತು.

"ಹೇಳಿ ದೊಡ್ಡಪ್ಪ, ಒಂದು ಪದ ತಾನೇ!"

"ಅಕ್ಕಿ ತೂಗೋ ಜಾಗದಲ್ಲಿ ಕೂತು ಆ ಮಾತು ನಾನು ಹೇಳಲ್ಲ," ಎಂದರು. "ನಮ್ಮಪ್ಪ ಹೇಳಿಲ್ಲ, ಕ್ಷಾಮ ಬಂದಾಗ್ಲೂ ಹೇಳಿಲ್ಲ."

"ಹೊರಗೆ ಫುಟ್‌ಪಾತಲ್ಲಿ ನಿಂತು ಹೇಳಿ, ಬನ್ನಿ!"

"ಅಲ್ಲೂ ಮಂಡಿ ನೆರಳು ಬೀಳತ್ತೆ."

ನನ್ನ ಸಿಟ್ಟು ನೆತ್ತಿಗೇರಿತು. ಹೆಸರು ಹೋಗುತ್ತಿದೆ, ಬಾಗಿಲಿಗೆ ಬೀಗ ಬೀಳುವುದರಲ್ಲಿದೆ, ಈ ಮನುಷ್ಯ ನೆರಳು ಅಳೆಯುತ್ತಿದ್ದಾರೆ. ಅಧಿಕಾರಿಗೂ ಪಾಪ ತಾಳ್ಮೆ ಮುಗಿಯುತ್ತಿತ್ತು. ನಾನು ಹೇಳಿದೆ, "ಮೇಡಮ್, ನಮ್ಮ ಮಾತು ನಂಬಬೇಡಿ. ಮನೇಲಿ ದೊಡ್ಡಮ್ಮ ಇದಾರೆ, ಅವರಿಗೆ ಈ ವಿಷಯ ಒಂದೂ ಗೊತ್ತಿಲ್ಲ. ನೀವೇ ನಿಮ್ಮ ಫೋನಿಂದ ಮಾಡಿ. ನಾನು ಬಾಯಿ ತೆಗೆಯಲ್ಲ. ಉಪ್ಪೋ ಸಕ್ಕರೆಯೋ ಏನಾದ್ರೂ ಇದ್ಯಾ ಅಂತ ಕೇಳಿ. ಇಲ್ದೆ ಇದ್ರೆ ಏನಂತಾರೆ ನೋಡಿ."

ಮೇಡಮ್ ಒಂದು ನಿಮಿಷ ಯೋಚಿಸಿ, ನಾನು ಹೇಳಿದ ನಂಬರು ಒತ್ತಿ, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು. ಆದರೆ ಅವರು ಉಪ್ಪು ಕೇಳಲಿಲ್ಲ. ಅವರ ತಲೆಯಲ್ಲಿ ಇದ್ದದ್ದನ್ನೇ ಕೇಳಿದರು.

"ಅಮ್ಮಾರ, ನಿಮ್ ಮನ್ಯಾಗ ಅಕ್ಕಿ ಅದಾವೇನ್ರೀ?"

ಅಕ್ಕಿ ಮಂಡಿಯವರ ಮನೆಯಲ್ಲಿ ಅಕ್ಕಿಗೇನು ಬರ, ಬೇಕಾದಷ್ಟಿದೆ ಎಂದುಬಿಡುತ್ತಾರೆ, ಇನ್ನೂ ಅಧ್ವಾನ ಎಂದುಕೊಂಡೆ.

"ಓ, ಮೊಬೈಲಲ್ಲಿ ಹೇಳಿದ್ರೆ ಮನೆಗೇ ಸಾಮಾನು ಕಳ್ಸೋ ಅಂಗಡಿಯವರಾ?" ಎಂದಿತು ದೊಡ್ಡಮ್ಮನ ಗಟ್ಟಿ ದನಿ. "ನಾನೇ ಮಾಡೋಣ ಅಂತಿದ್ದೆ ನೋಡಿ. ಅಕ್ಕಿ ತುಂಬಿದೆ ಕಣಮ್ಮ. ಹೋದ್ಸಲ ಕಳ್ಸಿದ್ರಲ್ಲ, ಅದೇ ಕಳ್ಸಿ."

ಮೇಡಮ್ಮಿನ ಹುಬ್ಬು ಮೇಲೆ ಹೋಯಿತು. "ತುಂಬೇತಿ ಅಂತೀರಿ, ಮತ್ಯಾಕ ಬೇಕ್ರೀ?"

"ತುಂಬಿರೋದಕ್ಕೇ ಅಲ್ವೇನಮ್ಮಾ ಬೇಕಾಗಿರೋದು! ಡಬ್ಬ ಬಗ್ಗಿಸಿ ಬಡಿದು ನೋಡ್ದೆ, ಒಂದು ಪಾವೂ ಬರಲ್ಲ. ನೀವು ಯಾವೂರಮ್ಮ?"

ಗೆದ್ದೆವು. ನಾನು ಕುರ್ಚಿಯಿಂದ ಹಾರಿಬಿಡುತ್ತಿದ್ದೆ. ಮೇಡಮ್ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಫೋನು ಆರಿಸಲು ಹೋದರು. ದೊಡ್ಡಮ್ಮ ಬಿಡಲಿಲ್ಲ.

"ಇನ್ನೊಂದು ಮಾತಮ್ಮ. ನಿಮ್ಮ ಹುಡುಗ ಬೆಳಿಗ್ಗೆ ಬೇಗ ಬರ್ಬಾರ್ದು. ನಮ್ಮನೆಯವರು ಮಂಡಿಗೆ ಹೋದ್ಮೇಲೆ ಕಳ್ಸಿ. ಹೋದ್ಸಲ ಇನ್ನೇನು ಸಿಕ್ಕಿಹಾಕ್ಕೊಳ್ತಿದ್ದೆ. ನಿಮ್ಮ ಪ್ಲಾಸ್ಟಿಕ್ ಚೀಲದಿಂದ ಮಂಡಿ ಚೀಲಕ್ಕೆ ಸುರಿಯೋವರ್ಗೂ ನಂಗೆ ಸಮಾಧಾನ ಇರಲ್ಲ. ಮಂಡಿ ಅಕ್ಕಿ ಅಂದ್ಕೊಂಡೇ ಊಟ ಮಾಡ್ತಿದಾರೆ ಪಾಪ. ಗೊತ್ತಾದ್ರೆ ನೊಂದ್ಕೋತಾರೆ."

ಫೋನು ನಿಂತಿತು. ಹೊರಗೆ ಯಾರೋ ಹಮಾಲರು ದಾರಿ ಬಿಡಿ ಎಂದು ಕೂಗುತ್ತಿದ್ದರು. ನನಗೆ ದೊಡ್ಡಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ, ಮೇಜಿನ ಮೇಲಿನ ತಣ್ಣಗಾದ ಕಾಫಿ ನೋಡುತ್ತಾ ಕೂತೆ. ಇದೆಲ್ಲ ನನ್ನ ಜಾಣತನದಿಂದ ಆದದ್ದು ಎನ್ನುವುದು ನನ್ನನ್ನು ಇನ್ನೂ ಕುಗ್ಗಿಸಿತು.

ಮೊದಲು ಮಾತಾಡಿದವರು ಅಧಿಕಾರಿ. "ನಮ್ಮ ಅವ್ವನೂ ಬಳಿ ಒಡದ್ರ ಬಳಿ ಹೆಚ್ಚಿದ್ವು ಅಂತಿದ್ಲು," ಎಂದರು ಮೆಲ್ಲಗೆ. "ನೆನಪ ಆಗಿದ್ದಿಲ್ಲ ನೋಡ್ರಿ." ಆಮೇಲೆ ಪೆನ್ನು ತೆಗೆದು, ಗೋಡೌನಿನಲ್ಲಿ ಕಂಡ ದಾಸ್ತಾನು ಒಂದು ಚೀಲ, ಪೋರ್ಟಲ್ಲಿನಲ್ಲಿ ತೋರಿಸಿದ ಲೆಕ್ಕ ಸರಿಯಿದೆ, ಫೋನಿನ ಮಾತು ತಪ್ಪು ತಿಳುವಳಿಕೆಯಿಂದ ಆದದ್ದು ಎಂದು ಬರೆದು ಓದಿ ಹೇಳಿದರು. ದೊಡ್ಡಪ್ಪ ಸಹಿ ಹಾಕಿದರು. ಮೇಡಮ್ ತಣ್ಣಗಿನ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಹೊರಡುವಾಗ ದೊಡ್ಡಪ್ಪನಿಗೆ ಕೈಮುಗಿದು "ಬರ್ತೀನ್ರೀ" ಎಂದರು.

ಜೀಪು ಹೋದ ಮೇಲೆ ದೊಡ್ಡಪ್ಪ "ಊಟದ ಹೊತ್ತಾಯ್ತು, ನೀನೂ ಬಾ" ಎಂದರು. ಆಟೋದಲ್ಲಿ ದಾರಿಯುದ್ದಕ್ಕೂ ನಾನು ಬಡಬಡಿಸಿದೆ. ಹೊಸ ಬೆಳೆ ಬಂತೆಂದರೆ ದರ ಇಳಿಯುತ್ತದೆ, ನಿಷೇಧವೂ ಶಾಶ್ವತವಲ್ಲ, ಗಲ್ಫಿನವರು ಮೊನ್ನೆಯೂ ಕೇಳುತ್ತಿದ್ದರು ಎಂದೆಲ್ಲ. ಮರ್ಯಾದೆ ಉಳಿದ ಖುಷಿ ನನಗಿತ್ತು, ಅವರಿಗಿತ್ತೋ ಇಲ್ಲವೋ ತಿಳಿಯಲಿಲ್ಲ.

ಚಾಮರಾಜಪೇಟೆಯ ಮನೆಯಲ್ಲಿ ದೊಡ್ಡಮ್ಮ ಎಲೆ ಹಾಕಿದ್ದರು. "ಇದೇನೇ ತಲೆಯೆಲ್ಲ ಎಣ್ಣೆ, ಬೀದೀಲಿ ಹೀಗೇ ಬಂದ್ಯಾ?" ಎಂದು ನನ್ನನ್ನು ಗದರಿಸಿ, ಅನ್ನದ ಪಾತ್ರೆ ತಂದರು. ಹುರುಳಿಕಾಯಿ ಪಲ್ಯ, ಬೇಳೆ ಸಾರು. ಬಡಿಸುವಾಗ ಅವರು ನೋಡುತ್ತಿದ್ದದ್ದು ಎಲೆಯನ್ನಲ್ಲ, ದೊಡ್ಡಪ್ಪನ ಮುಖವನ್ನು. ಇಷ್ಟು ದಿನವೂ ಹಾಗೇ ನೋಡಿರಬೇಕು, ನಾನು ಗಮನಿಸಿದ್ದು ಅವತ್ತೇ.

ದೊಡ್ಡಪ್ಪ ಮೊದಲ ತುತ್ತು ತಿಂದರು. ಎರಡನೆಯದು ಕಲಸಿಕೊಳ್ಳುತ್ತಾ, ತಲೆಯೆತ್ತದೆ ಹೇಳಿದರು.

"ಹೊಸ ಅಕ್ಕಿಗೆ ನೀರು ಸ್ವಲ್ಪ ಕಮ್ಮಿ ಇಡ್ಬೇಕು ಕಣೇ. ಮುದ್ದೆ ಆಗತ್ತೆ."

ಸೌಟು ಹಿಡಿದ ದೊಡ್ಡಮ್ಮನ ಕೈ ಪಾತ್ರೆಯ ಮೇಲೆ ನಿಂತುಬಿಟ್ಟಿತು. ಫೋನಿನ ವಿಷಯ ಅವರಿಗಿನ್ನೂ ಗೊತ್ತಿರಲಿಲ್ಲ. ಪಾತ್ರೆಯನ್ನು ಕೆಳಗಿಟ್ಟು ಕೇಳಿದರು. "ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲನೇ ದಿನ, ಮೊದಲನೇ ತುತ್ತಿಗೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದೆ. ಏನಂತ ಹೇಳ್ಲಿ?" ದೊಡ್ಡಪ್ಪ ಈಗ ತಲೆಯೆತ್ತಿದರು. "ಮಂಡೀಲಿ ಅಕ್ಕಿ ತುಂಬಿದೆ ಅಂತ ನಿಂಗೆ ಯಾರು ಹೇಳಿದ್ದು? ಇವಳಾ?"

ನಾನು ಬಾಯಲ್ಲಿ ಅನ್ನ ಇಟ್ಟುಕೊಂಡೇ ಇಲ್ಲ ಇಲ್ಲ ಎಂದು ತಲೆಯಾಡಿಸಿದೆ.

"ಯಾರು ಹೇಳ್ಬೇಕ್ರೀ," ಎಂದರು ದೊಡ್ಡಮ್ಮ. "ನಿಮ್ಮ ಅಂಗಿ ಒಗೆಯೋಳು ನಾನು. ಮದುವೆ ಆದಾಗಿನಿಂದ ನೆನೆಹಾಕೋಕೆ ಮುಂಚೆ ಹಿತ್ತಿಲಲ್ಲಿ ಜಾಡಿಸಿದ್ರೆ ತೌಡು ಉದುರ್ತಿತ್ತು. ಎರಡು ತಿಂಗಳಿಂದ ಏನೂ ಉದುರ್ತಿಲ್ಲ."

ದೊಡ್ಡಪ್ಪ ಊಟ ಬಿಟ್ಟು ಎದ್ದರೇನೋ ಎಂದುಕೊಂಡೆ. ಕೈ ತೊಳೆದು ಬಂದು, ದೊಡ್ಡಮ್ಮನ ಕೈಯಿಂದ ಸೌಟು ತೆಗೆದುಕೊಂಡರು. ದೊಡ್ಡಮ್ಮನಿಗೂ ಒಂದು ಎಲೆ ತಾವೇ ಹಾಕಿ, ಕೂತ್ಕೋ ಎಂದು ಹೇಳಿ, ಅನ್ನ ಬಡಿಸಿದರು.